ಗಾರ್ನೆಟ್ ಒಳಗಿನ ಗೆರೆಗಳ ತಾಳೆ ಕೊನೆಗೂ ಸಿಕ್ಕಿತು

ಒಂದೇ ಶಿಸ್ಟ್ ಕಲ್ಲು (ಶಾಖ, ಒತ್ತಡದಿಂದ ಮಾರ್ಪಟ್ಟ ಪದರಪದರದ ಕಲ್ಲು). ಒಂದು ಥಿನ್ ಸೆಕ್ಷನ್‌ನಲ್ಲಿ (ಸೂಕ್ಷ್ಮದರ್ಶಕದಲ್ಲಿ ನೋಡಲು ಕೊಯ್ದ ತೆಳು ಹಾಳೆ) ಗಾರ್ನೆಟ್ ಹರಳಿನ ಒಳಗಿನ ಕ್ವಾರ್ಟ್ಸ್ ಕಣಗಳ ಸಾಲು ‘ಎಸ್’ ತರ ಬಾಗಿದೆ, ಇನ್ನೊಂದರಲ್ಲಿ ‘ಝಡ್’ ತರ. ಎರಡು ಬೇರೆ ಕಾಲದ ಒತ್ತಡ ಅಂತ ಸುಮ್ನೆ ಬರೆದುಬಿಡಬಹುದಿತ್ತು. ನನಗೆ ಒಪ್ಪಿಗೆಯಾಗಲಿಲ್ಲ.

ತೊಡಕು ಇದ್ದದ್ದು ಕಲ್ಲು ಕೊಯ್ದ ದಿಕ್ಕಿನಲ್ಲಿ. ಪುಣ್ಯಕ್ಕೆ ಮಾದರಿಯ ಮೇಲೆ ಉತ್ತರ ಯಾವುದು, ಮೇಲ್ಭಾಗ ಯಾವುದು ಎಂಬ ಗುರುತು ಇತ್ತು. ಉತ್ತರದಿಂದ ಲೆಕ್ಕ ಹಾಕಿ 0, 30, 60 ಹೀಗೆ 150 ಡಿಗ್ರಿವರೆಗೆ ಲಂಬವಾಗಿ ಕೊಯ್ಯಿಸಿ, ಎಲ್ಲವನ್ನೂ ಒಂದೇ ಕಡೆಗೆ ಸುತ್ತುತ್ತಾ ಕ್ರಮವಾಗಿ ನೋಡುತ್ತಾ ಹೋದೆ. 180 ಡಿಗ್ರಿ ಅಂದರೆ 0 ಡಿಗ್ರಿಯದ್ದನ್ನೇ ಹಿಂದಿನಿಂದ ನೋಡಿದಂತೆ. ಅಲ್ಲಿ ‘ಎಸ್’ ಹೋಗಿ ‘ಝಡ್’ ಆಗಲೇಬೇಕು, ಅಲ್ವಾ? ಅಂದಮೇಲೆ ನಡುವೆ ಎಲ್ಲೋ ಬಾಗು ಮಗುಚುತ್ತದೆ.

ಮಗುಚಿದ್ದು 60 ಮತ್ತು 90ರ ನಡುವೆ. 70, 80 ಡಿಗ್ರಿಗೂ ಕೊಯ್ಯಿಸಿದೆ. 70ರಲ್ಲಿ ‘ಎಸ್’, 80ರಲ್ಲಿ ‘ಝಡ್’. ಗೆರೆಗಳು ಬಾಗಿದ ಅಕ್ಷ, ಅಂದರೆ ಅವು ಯಾವ ರೇಖೆಯ ಸುತ್ತ ಬಾಗಿವೆಯೋ ಅದರ ದಿಕ್ಕು, ಸುಮಾರು 75 ಡಿಗ್ರಿ ಅಂತಾಯಿತು. ಎರಡೂ ರೂಪ ಒಂದೇ ಅಕ್ಷದವು.

ಹರಳಿನ ನಡುಭಾಗ, ಅಂಚು ಎರಡನ್ನೂ ಬೇರೆಬೇರೆಯಾಗಿ ಅಳೆಯಬೇಕು. ಅಂಚು ಆಮೇಲೆ ಬೆಳೆದದ್ದು, ಅದರ ಅಕ್ಷ ಬೇರೆ ಇರಬಹುದು. ಕೆಲಸ ಜಾಸ್ತಿ, ಕಲ್ಲೂ ಜಾಸ್ತಿ ಖರ್ಚಾಗುತ್ತದೆ. ಆದರೆ ಪಕ್ಕದ ಕಲ್ಲುಗಳನ್ನು ಈಗ ಬಾಗಿನ ಆಕಾರದಿಂದಲ್ಲ, ಅಕ್ಷದ ದಿಕ್ಕು ಮತ್ತು ಬೆಳೆದ ಕ್ರಮದಿಂದ ಹೋಲಿಸುತ್ತಿದ್ದೇನೆ.