ಕ್ಲೋಮಿಫೀನ್ ಬಿಟ್ಟೆ, ಲೆಟ್ರೋಜೋಲ್ ಹಿಡಿದೆ

ಗಂಗಾವತಿಯಲ್ಲಿ ಕ್ಲಿನಿಕ್ ಶುರು ಮಾಡಿದಾಗ ಪಿಸಿಓಎಸ್ (ಹಾರ್ಮೋನ್ ಏರುಪೇರಾಗಿ ಮೊಟ್ಟೆ ಸರಿಯಾಗಿ ಬಿಡದ ತೊಂದರೆ) ಇರುವ ಹೆಣ್ಣುಮಕ್ಕಳಿಗೆ ನಾನು ಬರೆಯುತ್ತಿದ್ದದ್ದು ಒಂದೇ, ಮೊಟ್ಟೆ ಬಿಡಿಸುವ ಮಾತ್ರೆ ಕ್ಲೋಮಿಫೀನ್. ಮೊದಲು 50 ಮಿ.ಗ್ರಾಂ., ಆಗದಿದ್ದರೆ 100, ಆಮೇಲೆ 150. ಕಾಲೇಜಿನಲ್ಲಿ ಕಲಿಸಿದ್ದೂ ಅದನ್ನೇ. ಕೆಲವರಿಗೆ ಗರ್ಭ ನಿಂತಿತು. ಹಲವರಿಗೆ ಸ್ಕ್ಯಾನ್‌ನಲ್ಲಿ ಚೆಂದದ ಫಾಲಿಕಲ್ (ಮೊಟ್ಟೆ ಬೆಳೆಯುವ ಚೀಲ) ಕಾಣುತ್ತಿತ್ತು, ಆದರೆ ಗರ್ಭ ಕೂರಬೇಕಾದ ಗರ್ಭಕೋಶದ ಒಳಪದರ ಮಾತ್ರ 5 ಮಿ.ಮೀ. ದಾಟುತ್ತಿರಲಿಲ್ಲ. ಮೊಟ್ಟೆ ಬಿಟ್ಟರೂ ತಿಂಗಳ ಕೊನೆಗೆ ಮುಟ್ಟು. ಸುಮ್ನೆ ಡೋಸ್ ಏರಿಸುತ್ತಾ ಹೋದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಲೆಟ್ರೋಜೋಲ್ ಹೆಸರು ಗೊತ್ತಿರಲಿಲ್ಲ ಅಂತಲ್ಲ. ಸ್ತನ ಕ್ಯಾನ್ಸರ್‌ಗೆ ಕೊಡುವ ಮಾತ್ರೆ, ಮೊಟ್ಟೆ ಬಿಡಿಸಲೂ ಬರುತ್ತದೆ. 2011ರಲ್ಲಿ ನಮ್ಮ ದೇಶದಲ್ಲಿ ಬಂಜೆತನಕ್ಕೆ ಅದನ್ನು ಕೊಡಬಾರದು ಅಂತ ನಿಲ್ಲಿಸಿದ್ದರು. 2014ರಲ್ಲಿ ಅಮೆರಿಕದ 750 ಹೆಂಗಸರ ಅಧ್ಯಯನ ಬಂತು. ಜೀವಂತ ಹೆರಿಗೆ ಲೆಟ್ರೋಜೋಲ್‌ನಲ್ಲಿ 27.5%, ಕ್ಲೋಮಿಫೀನ್‌ನಲ್ಲಿ 19.1%. ಓದಿ ಹೊಟ್ಟೆ ಉರಿಯಿತು, ಆದರೆ ಬರೆಯುವಂತಿರಲಿಲ್ಲ. 2017ರಲ್ಲಿ ನಿಷೇಧ ತೆರವಾದ ಮೇಲೆಯೇ ನಾನು ಕೈಹಾಕಿದ್ದು.

ಹಿರಿಯ ಡಾಕ್ಟರೊಬ್ಬರು ನಕ್ಕರು. "ಸ್ತನ ಕ್ಯಾನ್ಸರ್ ಮಾತ್ರೆ ಕೊಟ್ಟು ಮಕ್ಕಳು ಮಾಡಿಸ್ತೀಯೇನಮ್ಮಾ?" ಅಂದರು. ಅವರಿಗಿಂತ ಜಾಸ್ತಿ ಕಾಟ ಕೊಟ್ಟದ್ದು ಮೆಡಿಕಲ್ ಶಾಪಿನವರು. ಮೂರನೇ ಪೇಷೆಂಟೇ ಸಂಜೆ ಚೀಟಿ ಹಿಡಿದು ಅಳುತ್ತಾ ವಾಪಸ್ ಬಂದಳು. "ಇದು ಕ್ಯಾನ್ಸರ್ ಗುಳಿಗಿ ಅಂತ್ರೀ ಮೇಡಂ, ನನಗ ಏನಾಗೇತಿ ಖರೇ ಹೇಳ್ರೀ" ಅಂದಳು. ಅಂದಿನಿಂದ ಚೀಟಿ ಕೊಡುವ ಮುಂಚೆ ಐದು ನಿಮಿಷ ಕೂರಿಸಿ ಮಾತಾಡುತ್ತೇನೆ. ಅಂಗಡಿಯವನು ಏನು ಹೇಳುತ್ತಾನೆ ಅಂತ ನಾನೇ ಮೊದಲು ಹೇಳಿಬಿಡುತ್ತೇನೆ.

ನನ್ನ ದೊಡ್ಡ ತಪ್ಪು ಮಾತ್ರೆಯದ್ದಲ್ಲ. ಕುಷ್ಟಗಿ ಕಡೆಯ ಒಬ್ಬಾಕೆಗೆ ನಾಲ್ಕು ಸೈಕಲ್ (ನಾಲ್ಕು ಮುಟ್ಟಿನ ತಿಂಗಳು) ಮಾತ್ರೆ ಕೊಟ್ಟೆ. ನಾಲ್ಕರಲ್ಲೂ ಮೊಟ್ಟೆ ಬಿಟ್ಟಿತು. ಗಂಡನ ಟೆಸ್ಟ್ ಕೇಳಿದಾಗಲೆಲ್ಲ ಅತ್ತೆ "ನಮ್ಮ ಹುಡುಗಗ ಯಾತಕ್ಕ್ರೀ?" ಅನ್ನುತ್ತಿದ್ದರು, ನಾನೂ ಒತ್ತಾಯ ಮಾಡಲಿಲ್ಲ. ಕೊನೆಗೆ ಮಾಡಿಸಿದಾಗ ವೀರ್ಯಾಣು ಸೊನ್ನೆ. ಸ್ಕ್ಯಾನು, ಬಸ್ಸು, ಕೂಲಿ ಕೆಲಸ ತಪ್ಪಿದ್ದು ಎಲ್ಲ ಸೇರಿ ಆ ಮನೆಗೆ ಹದಿನೈದು ಸಾವಿರವಾದರೂ ಹೋಗಿರಬೇಕು. ಈಗ ಗಂಡನ ರಿಪೋರ್ಟ್ ಮೇಜಿನ ಮೇಲೆ ಬರದೆ ನಾನು ಪೆನ್ನು ಎತ್ತುವುದಿಲ್ಲ. ಪ್ರೆಗ್ನೆನ್ಸಿ ಕಾರ್ಡ್ ನೋಡದೆಯೂ ಮಾತ್ರೆ ಶುರು ಮಾಡುವುದಿಲ್ಲ. ಪಿಸಿಓಎಸ್‌ನಲ್ಲಿ ಮುಟ್ಟು ನಿಂತಿದೆ ಅಂದರೆ ಕಾಯಿಲೆಯಿಂದಲೂ ಇರಬಹುದು, ಬಸಿರೂ ಇರಬಹುದು, ಅಲ್ವಾ?

ನನ್ನ ಲೆಟ್ರೋಜೋಲ್ ಪದ್ಧತಿ ಇಷ್ಟೇ. ಮುಟ್ಟಿನ ಎರಡನೇ ಅಥವಾ ಮೂರನೇ ದಿನದಿಂದ ಐದು ದಿನ, ದಿನಕ್ಕೆ 2.5 ಮಿ.ಗ್ರಾಂ., ಸಾಲದಿದ್ದರೆ ಮುಂದಿನ ಸಲ 5, ಆಮೇಲೆ 7.5. ಅದರಾಚೆ ಹೋಗುವುದಿಲ್ಲ. ಬದಲಾದದ್ದು ಫಾಲಿಕಲ್ ಬೆಳೆದದ್ದು ನೋಡುವ ಸ್ಕ್ಯಾನಿನ ಲೆಕ್ಕ. ಮೊದಲು ಐದಾರು ಸಲ ಕರೆಸುತ್ತಿದ್ದೆ. ನಾಟಿ ಶುರುವಾದರೆ ಒಬ್ಬರೂ ಬರುತ್ತಿರಲಿಲ್ಲ, ಸೈಕಲ್ ಹಾಳು. ಈಗ ಎರಡೇ ಸ್ಕ್ಯಾನ್, ಹೆಚ್ಚೆಂದರೆ ಮೂರು. ಮೊದಲನೆಯದು ಯಾವ ದಿನ ಅಂತ ಮಾತ್ರ ಕೇಳಬೇಡಿ. ಅದು ಅವಳ ಹಳೆಯ ಮುಟ್ಟಿನ ಲೆಕ್ಕ, ತೂಕ, ಇನ್ನೊಂದು ಸಂಗತಿ ನೋಡಿ ನಾನು ಹಾಕುವ ಅಂದಾಜು. ಕಲಿಯಲು ನನಗೆ ಮೂರು ವರ್ಷ ಹಿಡಿದಿದೆ, ಇಲ್ಲಿ ಬರೆದುಕೊಡುವುದಿಲ್ಲ.

ಮೊಟ್ಟೆ ಬೆಳೆಸುವ ಹಾರ್ಮೋನ್, ಗೊನಡೊಟ್ರೋಪಿನ್ ಇಂಜೆಕ್ಷನ್ನೂ ನೋಡಿಯಾಯಿತು. ಒಂದು ಸೈಕಲ್ಲಿಗೆ ಹತ್ತು ಸಾವಿರ ದಾಟುತ್ತಿತ್ತು. ಒಬ್ಬಳು ತಾಳಿಯ ಗುಂಡು ಅಡವಿಟ್ಟು ದುಡ್ಡು ತಂದಿದ್ದು ಆಮೇಲೆ ಗೊತ್ತಾಯಿತು. ಅವಳಿಗೆ ಒಂದೇ ಸಲ ಐದು ಫಾಲಿಕಲ್ ಬೆಳೆದವು. ಮೊಟ್ಟೆ ಬಿಡಿಸುವ ಟ್ರಿಗರ್ ಇಂಜೆಕ್ಷನ್ ಕೊಡದೆ ಸೈಕಲ್ ನಿಲ್ಲಿಸಿದೆ, ಆ ತಿಂಗಳು ಸೇರಬೇಡಿ ಅಂತ ಇಬ್ಬರಿಗೂ ಹೇಳಿದೆ. ತ್ರಿವಳಿ ಹೆರಿಗೆಯಾದರೆ ಹಸುಗೂಸುಗಳ ತೀವ್ರ ನಿಗಾ ಘಟಕ, ಎನ್‌ಐಸಿಯುಗೆ ಎಲ್ಲಿಗೆ ಓಡಿಸಲಿ? ಗುಂಡು ಹೋಯಿತು, ಮಗುವೂ ಇಲ್ಲ. ಆರು ತಿಂಗಳ ಮೇಲೆ ಅವಳೇ ಲೆಟ್ರೋಜೋಲ್ 5ರಲ್ಲಿ ಗರ್ಭಿಣಿಯಾದಳು. ಐದು ದಿನದ ಮಾತ್ರೆಗೆ ಇನ್ನೂರು ರೂಪಾಯಿ ಆಗಿತ್ತೋ ಇಲ್ಲವೋ.

ಮಧ್ಯೆ ಸಕ್ಕರೆ ಕಾಯಿಲೆಯ ಮಾತ್ರೆ ಮೆಟ್‌ಫಾರ್ಮಿನ್ ಒಂದನ್ನೇ ಕೊಟ್ಟೂ ನೋಡಿದ್ದೆ. ಹೊಟ್ಟೆ ತೊಳೆಸಿದ್ದೇ ಬಂತು. 2007ರ ಅಧ್ಯಯನದಲ್ಲೇ ಅದು ಕ್ಲೋಮಿಫೀನ್‌ಗಿಂತ ಎಷ್ಟೋ ಹಿಂದೆ ಬಿದ್ದಿತ್ತು, ನಾನು ತಡವಾಗಿ ಓದಿದೆ. ಸಕ್ಕರೆ ಅಂಚಿನಲ್ಲಿರುವವರಿಗೆ ಈಗಲೂ ಜೊತೆಗೆ ಕೊಡುತ್ತೇನೆ. ಇನ್ನೊಂದು ಹುಚ್ಚು: ಮೂರು ಹೊತ್ತೂ ಸೋನಾ ಮಸೂರಿ ಅನ್ನ ಉಣ್ಣುವ ಎಂಟು ಜನಕ್ಕೆ ರಾತ್ರಿ ಜೋಳದ ರೊಟ್ಟಿ, ಬೆಳಿಗ್ಗೆ ಕಾಲುವೆ ದಂಡೆ ಮೇಲೆ ನಡಿಗೆ ಹೇಳಿದೆ. ಮೂವರು ನಾಲ್ಕೈದು ಕಿಲೋ ಇಳಿದರು. ಅವರಲ್ಲಿ ಇಬ್ಬರಿಗೆ ಮಾತ್ರೆಯಿಲ್ಲದೆ ಮುಟ್ಟು ಸರಿಯಾಯಿತು. ರೊಟ್ಟಿಯದೋ ನಡಿಗೆಯದೋ, ದೇವರಿಗೇ ಗೊತ್ತು.

ನನ್ನ ನೀಲಿ ರಿಜಿಸ್ಟರ್ ಪ್ರಕಾರ ಲೆಟ್ರೋಜೋಲ್ ತೆಗೆದುಕೊಂಡವರು ನೂರರ ಮೇಲೆ. ಅವರಲ್ಲಿ ಮೂವತ್ತೈದು ನಲವತ್ತು ಜನ ಐದಾರು ಸೈಕಲ್ ಒಳಗೆ ಗರ್ಭಿಣಿಯಾದರು. ಅವಳಿ ಎರಡು. ನಕ್ಕ ಹಿರಿಯರು ಕಳೆದ ವರ್ಷ ತಮ್ಮ ಸಂಬಂಧಿಕರ ಹುಡುಗಿಯನ್ನು ನನ್ನ ಹತ್ತಿರವೇ ಕಳಿಸಿದರು. ನಾನೂ ಏನೂ ಅನ್ನಲಿಲ್ಲ, ಫೀಸು ಮಾತ್ರ ತಗೊಂಡೆ.

7.5ಕ್ಕೂ ಜಗ್ಗದ ಇಬ್ಬರಿಗೆ ಈಗ 2.5ನ್ನೇ ಹತ್ತು ದಿನ ಕೊಟ್ಟು ನೋಡುತ್ತಿದ್ದೇನೆ. ಒಬ್ಬಾಕೆಗೆ ನಿನ್ನೆ ಬಲಗಡೆ 16 ಮಿ.ಮೀ. ಫಾಲಿಕಲ್ ಬಂದಿದೆ, ಒಳಪದರ 8. ನಾಳೆ ಬೆಳಿಗ್ಗೆ ಕಾರಟಗಿ ಬಸ್ಸಿಗೆ ಬರುತ್ತೇನೆ ಅಂದಿದ್ದಾಳೆ.