ಮೊದಲ ಕಂಪನಿ ಸೇರುವಾಗ ನಾನು ಸಂಬಳ ಒಂದನ್ನೇ ಕೇಳಿದ್ದೆ

ಲಾರಿ ಓಡಿಸುವ ಹೆವಿ ಲೈಸೆನ್ಸ್ ಕೈಗೆ ಬಂದಾಗ ನನಗೆ 24 ವರ್ಷ. ಅದಕ್ಕೂ ಮೊದಲು ಮೂರು ವರ್ಷ ಹಿರಿಯೂರಿನಿಂದ ತುಮಕೂರಿಗೆ, ಬೆಂಗಳೂರಿಗೆ ಟಾಟಾ ಏಸ್‌ನಲ್ಲಿ ತರಕಾರಿ, ತೆಂಗಿನಕಾಯಿ ಸಾಗಿಸುತ್ತಿದ್ದೆ. ಲಘು ವಾಹನದ ಲೈಸೆನ್ಸ್ ಆಗಿ ಒಂದು ವರ್ಷ ಕಳೆದಿರಬೇಕು, 20 ವರ್ಷ ತುಂಬಿರಬೇಕು, ಆಮೇಲೆ ಹೆವಿಗೆ ಹಾಕಬಹುದು. ನನ್ನದು ಎರಡೂ ಆಗಿತ್ತು. ಡ್ರೈವಿಂಗ್ ಸ್ಕೂಲಿನವರು ಒಂದು ಹಳೇ ಲಾರಿ ಇಟ್ಟುಕೊಂಡಿದ್ದರು, ಖಾಲಿ ಗಾಡಿ. ಅದರಲ್ಲೇ ಕಲಿತೆ, ಅದರಲ್ಲೇ ಟೆಸ್ಟ್ ಕೊಟ್ಟೆ. ಅಂದರೆ ಲೋಡ್ ಆದ ಲಾರಿಯ ಸ್ಟೇರಿಂಗ್ ಒಂದು ಸಲವೂ ಮುಟ್ಟದೆ ನಾನು ಹೆವಿ ಡ್ರೈವರ್ ಆಗಿಬಿಟ್ಟಿದ್ದೆ.

ಕೆಲಸಕ್ಕೇನೂ ಬರ ಇರಲಿಲ್ಲ. ದೊಡ್ಡ ಪಾರ್ಸೆಲ್ ಕಂಪನಿಯೊಂದರಲ್ಲಿ ವಿಚಾರಿಸಿದೆ, ಹೆವಿಯಲ್ಲಿ ಎರಡು ವರ್ಷ ಓಡಿಸಿ ಬಾ ಅಂದರು. ನಮ್ಮೂರಿನ ಪರಿಚಯದವರೊಬ್ಬರು ಜಲ್ಲಿ ಟಿಪ್ಪರ್ ಕೊಡ್ತೀನಿ, ಟ್ರಿಪ್ ಲೆಕ್ಕದಲ್ಲಿ ದುಡ್ಡು ಅಂದರು. ಟ್ರಿಪ್ ಲೆಕ್ಕದ ಟಿಪ್ಪರ್ ಹೇಗೆ ಓಡುತ್ತದೆ ಅಂತ ನಮ್ಮೂರ ರಸ್ತೆಯಲ್ಲಿ ನಡೆದಾಡುವ ಎಲ್ಲರಿಗೂ ಗೊತ್ತು, ಅದು ಬೇಡ ಅಂತ ಅಮ್ಮನೇ ಹೇಳಿದಳು. ನೆಲಮಂಗಲದ ಕಡೆ ಎರಡು ಮೂರು ಟ್ರಾನ್ಸ್‌ಪೋರ್ಟ್‌ನಲ್ಲಿ ತಿಂಗಳಿಗೆ 13,000, ಮೇಲೆ ಬಾಟಾ, ಅಂದರೆ ದಾರಿ ಖರ್ಚಿನ ಭತ್ಯೆ. ಒಂದು ಕಡೆ ಮಾತ್ರ 18,000. ಹೋಗಿ ಅಲ್ಲೇ ಸೇರಿದೆ. ಹೆಸರು ಬೇಡ ಬಿಡಿ.

ಇಂಟರ್‌ವ್ಯೂ ಹತ್ತು ನಿಮಿಷ. ಯಾರ್ಡಲ್ಲೇ ಗಾಡಿಯನ್ನು ಸ್ವಲ್ಪ ಮುಂದೆ ತೆಗೆಸಿ, ರಿವರ್ಸ್ ಹಾಕಿಸಿದರು. "ಆಯ್ತು, ನಾಳೆಯಿಂದ ಬಾ" ಅಂದರು. ಲೈಸೆನ್ಸ್ ಕಾರ್ಡ್ ಇಸ್ಕೊಂಡು ಡ್ರಾದಲ್ಲಿ ಇಟ್ಟುಕೊಂಡರು, ಫೋನಿನಲ್ಲಿ ಡಿಜಿಲಾಕರ್ ಇದೆಯಲ್ಲ, ಪೊಲೀಸರಿಗೆ ಅದನ್ನೇ ತೋರಿಸು ಅಂದರು. ನಾನು ಕೇಳದೇ ಇದ್ದರೂ 10,000 ಅಡ್ವಾನ್ಸ್ ಕೊಟ್ಟರು. ಎಂಥಾ ಒಳ್ಳೇ ಜನ ಅಂದುಕೊಂಡೆ! ಕೇಳದೆ ಅಡ್ವಾನ್ಸ್ ಕೊಡುವ ಕಡೆ, ಆ ಅಡ್ವಾನ್ಸ್ ತೀರದ ಹಾಗೆ ಲೆಕ್ಕ ಬರೆಯುವುದೂ ಗೊತ್ತಿರುತ್ತದೆ ಅಂತ ಆಮೇಲೆ ತಿಳಿಯಿತು.

ಮೂರನೇ ಟ್ರಿಪ್ ಮಂಗಳೂರಿಗೆ. 2022ರ ಕೊನೆ. ಹತ್ತು ಚಕ್ರದ ಗಾಡಿ, ಕಬ್ಬಿಣದ ಸರಳು. ಸರಳು ನೋಡಲು ಸ್ವಲ್ಪವೇ ಕಾಣುತ್ತದೆ, ಬಾಡಿಯ ಅರ್ಧವೂ ತುಂಬಿರುವುದಿಲ್ಲ, ಆದರೆ ತೂಕ ಎಲ್ಲಾ ಅಲ್ಲೇ. ಆ ಗಾಡಿಗೆ ಸರಕೂ ಸೇರಿ 28 ಟನ್ ಮಿತಿ. ತೂಕದ ಕಾಟಾ ಚೀಟಿಯಲ್ಲಿ ಮೂವತ್ತೆರಡೂವರೆ. ಸಿಕ್ಕಿಬಿದ್ದರೆ 20,000 ದಂಡ, ಅದರ ಮೇಲೆ ಒಂದೊಂದು ಹೆಚ್ಚುವರಿ ಟನ್ನಿಗೂ 2,000. ಸೂಪರ್‌ವೈಸರ್‌ಗೆ ತೋರಿಸಿದೆ. "ಅದೆಲ್ಲಾ ನಾವು ನೋಡ್ಕೋತೀವಿ, ನೀನು ಹೊರಡು" ಅಂದರು. ಇಳಿಜಾರಿನಲ್ಲಿ ಎಂಜಿನ್ನಿಂದಲೇ ಗಾಡಿಯ ವೇಗ ತಡೆಯುವ ಎಕ್ಸಾಸ್ಟ್ ಬ್ರೇಕ್ ಇರುತ್ತದಲ್ಲ, ಅದರ ಸ್ವಿಚ್ ಒತ್ತಿದರೆ ಏನೂ ಆಗುತ್ತಿಲ್ಲ ಅಂದೆ. "ಅದು ಬೇಕಾಗಲ್ಲ." ಮೇಲಿಂದ ಇನ್ನೊಂದು ಹೆದರಿಕೆ ಹಾಕಿದರು: ಸರಕು ಸಾಗಿಸಲು ಬೇಕಾದ ಜಿಎಸ್‌ಟಿ ಕಾಗದ, ಇ-ವೇ ಬಿಲ್, ಬೆಳಗ್ಗೆ ಮುಗಿಯುತ್ತೆ, ಎಲ್ಲೂ ನಿಲ್ಲಿಸಬೇಡ.

ಅದು ಸುಳ್ಳು. ಇ-ವೇ ಬಿಲ್‌ಗೆ 2021ರಿಂದ 200 ಕಿಲೋಮೀಟರಿಗೆ ಒಂದು ದಿನದ ಲೆಕ್ಕ, ಮೊದಲ ದಿನ ಮುಗಿಯುವುದು ಮಾರನೇ ರಾತ್ರಿ ಹನ್ನೆರಡಕ್ಕೆ. ಮಂಗಳೂರಿನ 350 ಕಿಲೋಮೀಟರಿಗೆ ಎರಡು ದಿನ ಸಿಗುತ್ತದೆ, ಆರಾಮಾಗಿ ಮಲಗಿ ಎದ್ದು ಹೋಗಬಹುದಿತ್ತು. ಬಿಲ್ಲಿನ ಮೇಲೇ ಯಾವತ್ತಿನವರೆಗೆ ಅಂತ ಅಚ್ಚಾಗಿರುತ್ತದೆ, ನಾನು ಓದಲೇ ಇಲ್ಲ.

ಸಕಲೇಶಪುರ ಬಿಟ್ಟಾಗ ರಾತ್ರಿ ಒಂದು ಗಂಟೆ ದಾಟಿತ್ತು. ಮಾರನಹಳ್ಳಿ ಆದ ಮೇಲೆ ಶಿರಾಡಿ ಇಳಿಜಾರು, ಮಂಜು ಬೇರೆ. ಐದನೇ ಗೇರಿನಲ್ಲಿ ಬ್ರೇಕ್ ಒತ್ತುತ್ತಾ ಬಿಡುತ್ತಾ ಇಳಿಸುತ್ತಿದ್ದೆ. ಮೊದಲು ವಾಸನೆ ಬಂತು, ಸುಟ್ಟ ರಬ್ಬರಿನ ಥರ, ಆದರೆ ರಬ್ಬರ್ ಅಲ್ಲ. ಆಮೇಲೆ ಪೆಡಲ್ ಒತ್ತಿದಷ್ಟಕ್ಕೆ ಗಾಡಿ ಹಿಡಿಯುತ್ತಿಲ್ಲ ಅನ್ನಿಸಿತು. ಬ್ರೇಕಿನ ಗಾಳಿಯ ಒತ್ತಡ ತೋರಿಸುವ ಏರ್ ಮೀಟರಿನ ಮುಳ್ಳು ಕೆಳಗೆ ಬರುತ್ತಿತ್ತು, ಬಜರ್ ಕೂಗತೊಡಗಿತು. ಒಂದು ತಿರುವಿನಲ್ಲಿ ರಸ್ತೆ ಸ್ವಲ್ಪ ಅಗಲ ಸಿಕ್ಕಿತು, ನಾಲ್ಕಕ್ಕೆ, ಮೂರಕ್ಕೆ ಹೇಗೋ ಗೇರ್ ಬೀಳಿಸಿ ಮಣ್ಣಿನ ಕಡೆ ಎಳೆದು ನಿಲ್ಲಿಸಿದೆ. ಕ್ಲೀನರ್ ಹುಡುಗ ಇಳಿದು ಚಕ್ರಕ್ಕೆ ಕಲ್ಲು ಕೊಟ್ಟ. ಹಿಂದಿನ ಚಕ್ರದಿಂದ ಹೊಗೆ. ಅವನು ಕ್ಯಾನಿನಿಂದ ನೀರು ಹಾಕಲು ಹೋದ.

"ಏಯ್, ನೀರು ಹಾಕ್ಬೇಡ ಕಣೋ, ಬ್ರೇಕ್ ಡ್ರಮ್ ಸೀಳುತ್ತೆ!"

ಹಿಂದೆ ಖಾಲಿ ಗ್ಯಾಸ್ ಟ್ಯಾಂಕರ್ ಒಂದು ನಿಂತಿತ್ತು. ಹಾಗೆ ಕೂಗುತ್ತಾ ಅದರಿಂದ ಇಳಿದು ಬಂದವರಿಗೆ ಐವತ್ತೈದರ ಮೇಲಿರಬಹುದು, ಹಾಸನದ ಕಡೆಯ ಮಾತು. ಟಾರ್ಚ್ ಬಿಟ್ಟು ಚಕ್ರ ನೋಡಿದರು, ಲೋಡ್ ನೋಡಿದರು, ಆಮೇಲೆ ನನ್ನ ಮುಖ.

"ಎಷ್ಟನೇ ಗೇರಲ್ಲಿ ಇಳಿಸ್ತಿದ್ದೆ?"

"ಐದು ಅಣ್ಣಾ."

"ಈ ಲೋಡಲ್ಲಿ ಇದೇ ಘಾಟಿ ಹತ್ತೋದಾದ್ರೆ?"

"ಮೂರು ಬೇಕಾಗುತ್ತೆ."

"ಇಳಿಯೋಕೂ ಮೂರೇ ಕಣಪ್ಪ. ನಿಂಗೆ ಲೈನ್ ತೋರಿಸಿದ್ದು ಯಾರು?"

ಲೈನ್ ತೋರಿಸುವುದು ಅಂದರೆ ಹಳೇ ಡ್ರೈವರ್ ಪಕ್ಕದಲ್ಲಿ ಕೂತು ದಾರಿ ಕಲಿಸುವುದು. ಯಾರೂ ಇಲ್ಲ ಅಂದೆ. ಅವರು ಬೈಯಲಿಲ್ಲ. "ಯಾರೂ ತೋರಿಸ್ದೆ ಗಾಡಿ ಕೊಟ್ರಾ?" ಅಂತ ಮಾತ್ರ ಕೇಳಿ, ಒಂದೂವರೆ ಗಂಟೆ ಡ್ರಮ್ ತಣ್ಣಗಾಗುವವರೆಗೂ ಅಲ್ಲೇ ಕೂತಿದ್ದರು. ಆಮೇಲೆ ನನ್ನನ್ನು ಮುಂದೆ ಬಿಟ್ಟು ಗುಂಡ್ಯದವರೆಗೂ ಹಿಂದೆ ಹಿಂದೆಯೇ ಬಂದರು. ಅವರ ಹೆಸರೂ ಕೇಳಲಿಲ್ಲ ನಾನು.

ಅವರು ಕೇಳಿದ ಆ ಪ್ರಶ್ನೆಯನ್ನು ನಾನು ಕೆಲಸಕ್ಕೆ ಸೇರುವಾಗ ಕೇಳಬೇಕಿತ್ತು. ನನಗೆ ಲೈನ್ ತೋರಿಸುವವರು ಯಾರು? ಎಷ್ಟು ದಿನ ಪಕ್ಕದಲ್ಲಿರುತ್ತಾರೆ? 18,000 ಅಂದ ತಕ್ಷಣ ಇದೆಲ್ಲಾ ತಲೆಗೇ ಬರಲಿಲ್ಲ.

ಆ 18,000ದ ಕಥೆಯನ್ನೂ ಹೇಳಿಬಿಡುತ್ತೇನೆ. ಕಂಪನಿಯವರು ಲೀಟರಿಗೆ ನಾಲ್ಕೂವರೆ ಕಿಲೋಮೀಟರ್ ಆವರೇಜ್ ಅಂತ ಹಾಕಿದ್ದರು. ಓವರ್‌ಲೋಡ್ ಮಾಡಿಕೊಂಡು ಘಾಟಿ ಲೈನಿನಲ್ಲಿ ಆ ಗಾಡಿ ಕೊಡುತ್ತಿದ್ದದ್ದು ಮೂರು ಪಾಯಿಂಟ್ ಎಂಟು. ಹೋಗಿ ಬರುವುದು 700 ಕಿಲೋಮೀಟರ್. ಅವರ ಲೆಕ್ಕದಲ್ಲಿ 155 ಲೀಟರ್, ನಿಜವಾಗಿ ಕುಡಿದದ್ದು 184. ವ್ಯತ್ಯಾಸದ 29 ಲೀಟರ್, ಆಗಿನ 87 ರೂಪಾಯಿ ಚಿಲ್ಲರೆ ರೇಟಿನಲ್ಲಿ, ನನ್ನ ಲೆಕ್ಕದಿಂದ ಕಟ್. ಎರಡೂವರೆ ಸಾವಿರ, ಒಂದೇ ಟ್ರಿಪ್ಪಿಗೆ! ತಿಂಗಳಿಗೆ ಇಂಥ ಆರು ಟ್ರಿಪ್ ಆದರೆ ಸಂಬಳದಲ್ಲಿ ಏನು ಉಳಿಯುತ್ತದೆ ನೀವೇ ನೋಡಿ. ಡ್ರೈವರ್ ಡೀಸೆಲ್ ಕದಿಯುತ್ತಾನೆ ಅಂತ ಎಲ್ಲರೂ ಹೇಳುತ್ತಾರೆ. ಕದಿಯುವವರು ಇದ್ದಾರೆ, ಸುಳ್ಳಲ್ಲ. ಆದರೆ ಕೊಡಲಾಗದ ಆವರೇಜ್ ಹಾಕಿ ಡ್ರೈವರ್ ಜೇಬಿಂದ ಕದಿಯುವುದಕ್ಕೆ ಮಾತ್ರ ಯಾರೂ ಕಳ್ಳತನ ಅನ್ನುವುದಿಲ್ಲ.

ನಲವತ್ತು ದಿನಕ್ಕೆ ಬಿಟ್ಟೆ. ಅಡ್ವಾನ್ಸ್ ತೀರಿಲ್ಲ ಅಂತ ಲೈಸೆನ್ಸ್ ಕಾರ್ಡ್ ಕೊಡಲಿಲ್ಲ. ಊರಿಂದ ದುಡ್ಡು ತರಿಸಿ ಕಟ್ಟಿದ ಮೇಲೂ ಹನ್ನೊಂದು ದಿನ ಓಡಾಡಿಸಿದರು. ಮೂಲ ಕಾರ್ಡ್ ಯಾರ ಕೈಗೂ ಕೊಡಬೇಡಿ, ಜೆರಾಕ್ಸ್ ಕೊಡಿ. ಇಷ್ಟೇ ಸಾಕು ಇದರ ಬಗ್ಗೆ.

ಎರಡನೇ ಸಲ ಹುಡುಕಿದ್ದು ಬೇರೆ ಥರ. ಒಂದು ವಾರ ನೆಲಮಂಗಲದ ಭಾವನ ಮನೆಯಲ್ಲಿದ್ದುಕೊಂಡು ಬೆಳಗ್ಗೆ ಎದ್ದು ಟ್ರಾನ್ಸ್‌ಪೋರ್ಟ್ ಯಾರ್ಡ್‌ಗಳ ಗೇಟಿನ ಎದುರಿನ ಟೀ ಅಂಗಡಿಯಲ್ಲಿ ಕೂರುತ್ತಿದ್ದೆ. ಆಫೀಸಿನ ಒಳಗೆ ಹೋಗುತ್ತಲೇ ಇರಲಿಲ್ಲ. ಟ್ರಿಪ್ ಮುಗಿಸಿ ಬಂದ ಡ್ರೈವರ್‌ಗಳು ಟೀ ಕುಡಿಯಲು ಅಲ್ಲಿಗೇ ಬರಬೇಕಲ್ವಾ. ಸಂಬಳ ಎಷ್ಟು ಅಂತ ಕೇಳಿದರೆ ಎಲ್ಲರೂ ಸ್ವಲ್ಪ ಜಾಸ್ತಿಯೇ ಹೇಳುತ್ತಾರೆ, ಅದು ಮರ್ಯಾದೆ ಪ್ರಶ್ನೆ. ಅದಕ್ಕೇ ನಾನು ಕೇಳುತ್ತಿದ್ದದ್ದು, "ಅಣ್ಣಾ, ಹೋದ ಟ್ರಿಪ್ ಲೆಕ್ಕ ಯಾವತ್ತು ಆಯ್ತು?" ಇದಕ್ಕೆ ಮಾತ್ರ ಯಾರೂ ಸುಳ್ಳು ಹೇಳುವುದಿಲ್ಲ, ಯಾಕಂದರೆ ಲೆಕ್ಕ ಆಗಿಲ್ಲದಿದ್ದರೆ ಆ ಸಿಟ್ಟು ಬಾಯಿಂದ ತಾನೇ ಹೊರಗೆ ಬರುತ್ತದೆ. ಒಂದು ಯಾರ್ಡಿನವರು ಎರಡು ತಿಂಗಳಿಂದ ಆಗಿಲ್ಲ ಅಂದರು, ಟೀ ಅಂಗಡಿಯವನೂ ಹೌದು ಅನ್ನುವ ಹಾಗೆ ತಲೆಯಾಡಿಸಿದ. ಅವರ ಸಾಲದ ಪುಸ್ತಕ ಅವನ ಹತ್ತಿರವೇ ಇತ್ತಲ್ಲ!

ಇನ್ನೊಂದು, ಗಾಡಿ ನೋಡುವುದು. ಗೇಟಿನಲ್ಲಿ ಒಳಗೆ ಹೊರಗೆ ಹೋಗುವ ಲಾರಿಗಳ ನಂಬರ್ ಬರೆದುಕೊಂಡು ಎಂ-ಪರಿವಾಹನ್ ಆ್ಯಪಿನಲ್ಲಿ ಹಾಕಿದರೆ ಇನ್ಶೂರೆನ್ಸ್ ಯಾವಾಗ ಮುಗಿಯುತ್ತೆ, ಗಾಡಿ ರಸ್ತೆಗೆ ಯೋಗ್ಯ ಅನ್ನುವ ಸರ್ಟಿಫಿಕೇಟ್, ಅಂದರೆ ಎಫ್‌ಸಿ ಇದೆಯಾ ಅಂತೆಲ್ಲಾ ಬರುತ್ತದೆ. ಒಂದು ಕಂಪನಿಯ ಆರು ಗಾಡಿ ನೋಡಿದೆ, ಎರಡಕ್ಕೆ ಎಫ್‌ಸಿ ಇರಲಿಲ್ಲ. ಬಣ್ಣ ಮಾತ್ರ ಮಿರಮಿರ ಮಿಂಚುತ್ತಿತ್ತು. ಬಣ್ಣ ನೋಡಬೇಡಿ. ಹಿಂದಿನ ಒಳಗಿನ ಟೈರ್ ನೋಡಿ, ಹೊರಗಿನದು ಹೊಸದಾಗಿದ್ದು ಒಳಗಿನದು ಬೋಳಾಗಿರುತ್ತದೆ. ಹಗ್ಗ, ಟಾರ್ಪಾಲು ನೋಡಿ. ಹರಿದ ಟಾರ್ಪಾಲಿನ ಕೆಳಗೆ ಸರಕು ನೆಂದರೆ ಕಟ್ ಆಗುವುದು ಯಾರ ಲೆಕ್ಕದಲ್ಲಿ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಕೊನೆಗೆ ನಾನು ಸೇರಿದ್ದು 32 ಗಾಡಿಗಳ ಒಂದು ಕಂಪನಿ. ಬೆಂಗಳೂರು–ಪುಣೆ ಲೈನ್. ಸಂಬಳ 14,000. ಗೇಟಿನಲ್ಲಿ ಸಿಕ್ಕ ನಾಲ್ಕು ಡ್ರೈವರ್‌ಗಳಲ್ಲಿ ಇಬ್ಬರು ಆರೇಳು ವರ್ಷದಿಂದ ಅಲ್ಲೇ ಇದ್ದವರು, ನನಗೆ ಅದು ಸಾಕಾಯಿತು. ಈ ಸಲ ಇಂಟರ್‌ವ್ಯೂನಲ್ಲಿ ಅವರಿಗಿಂತ ಜಾಸ್ತಿ ನಾನೇ ಕೇಳಿದೆ. ಓವರ್‌ಲೋಡ್ ದಂಡ ಬಿದ್ದರೆ ಯಾರು ಕಟ್ಟುವುದು? ಆವರೇಜ್ ಎಷ್ಟು, ಲೋಡಿಗೆ, ಖಾಲಿಗೆ ಬೇರೆ ಬೇರೆ ಇದೆಯಾ? ಪಿಎಫ್, ಇಎಸ್‌ಐ ಇದೆಯಾ? ಇಪ್ಪತ್ತು ಜನ ಇದ್ದ ಕಡೆ ಪಿಎಫ್ ಕಟ್ಟಲೇಬೇಕು, ಇಎಸ್‌ಐ 21,000 ಸಂಬಳದವರೆಗೂ ಬರುತ್ತದೆ. ಇದೆ ಅಂತ ಬಾಯಲ್ಲಿ ಹೇಳಿದರೆ ಸಾಲದು, ಎರಡನೇ ತಿಂಗಳು ಉಮಂಗ್ ಆ್ಯಪಿನಲ್ಲಿ ಪಾಸ್‌ಬುಕ್ ತೆಗೆದು ನೋಡಿದೆ, ಬಿದ್ದಿತ್ತು. ಗಾಡಿಯ ಇನ್ಶೂರೆನ್ಸ್ ಕಾಗದದಲ್ಲಿ ಪೇಯ್ಡ್ ಡ್ರೈವರ್ ಅಂತ ಒಂದು ಸಾಲು ಇರುತ್ತದೆ, ಎದುರಿಗೆ 50 ರೂಪಾಯಿ. ಮಾಲೀಕನಿಗೆ ಅದು ಒಂದು ಊಟದ ದುಡ್ಡೂ ಅಲ್ಲ, ನಮಗೆ ಏನಾದರೂ ಆದರೆ ಮನೆಯವರು ಹಿಡಿದುಕೊಳ್ಳುವುದು ಆ ಸಾಲನ್ನೇ. ಅದನ್ನೂ ತೋರಿಸಿ ಅಂದೆ. ಮ್ಯಾನೇಜರ್ "ಏನಪ್ಪಾ, ಆರ್‌ಟಿಓ ಆಫೀಸಿಂದ ಬಂದಿದೀಯಾ?" ಅಂತ ನಕ್ಕರು, ಆದರೆ ತೋರಿಸಿದರು.

ಎರಡು ತಿಂಗಳು ಒಬ್ಬರ ಜೊತೆ ಸೆಕೆಂಡ್ ಡ್ರೈವರ್ ಆಗಿ ಹಾಕಿದರು, ಬಾಟಾ ಅರ್ಧ. ದುಡ್ಡಿನ ಲೆಕ್ಕದಲ್ಲಿ ಆ ಎರಡು ತಿಂಗಳು ಕಷ್ಟವೇ, ಮನೆಗೆ ಐದು ಸಾವಿರ ಕಳಿಸುವುದೂ ಆಗಲಿಲ್ಲ. ಅವರನ್ನು ಎಲ್ಲರೂ ಮಾವ ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಮಾವ ಜಾಸ್ತಿ ಮಾತಾಡುವವರಲ್ಲ. ಹುಬ್ಬಳ್ಳಿ–ಧಾರವಾಡ ಬೈಪಾಸ್ ಬಂದರೆ ಮಾತ್ರ ಸೀಟಿನಲ್ಲಿ ನೆಟ್ಟಗೆ ಕೂರುತ್ತಿದ್ದರು, ನಾಲ್ಕು ಲೇನ್ ರಸ್ತೆ ಇದ್ದಕ್ಕಿದ್ದಂತೆ ಎರಡೇ ಲೇನಿಗೆ ಬಂದು ಎದುರಿನ ಬಸ್ಸು ಮುಖಕ್ಕೇ ಬಂದ ಹಾಗೆ ಆಗುತ್ತಿದ್ದ ಜಾಗ ಅದು. "ಇಲ್ಲಿ ಓವರ್‌ಟೇಕ್ ಅನ್ನೋದನ್ನೇ ಮರ್ತುಬಿಡು" ಅಂದಿದ್ದರು. ನಿಪ್ಪಾಣಿಯ ತವಂದಿ ಘಾಟಿನಲ್ಲಿ ಮೊದಲ ಸಲ ನನ್ನ ಕೈಗೆ ಕೊಟ್ಟಾಗ ಗಾಡಿಯ ಮೂತಿ ಇನ್ನೂ ಇಳಿಜಾರಿಗೆ ಬರುವ ಮೊದಲೇ ನಾನು ಮೂರಕ್ಕೆ ಇಳಿಸಿದೆ. ಯಾರು ಹೇಳಿಕೊಟ್ಟರು ಅಂತ ಕೇಳಿದರು. ಶಿರಾಡಿ ಕಥೆ ಹೇಳಿದೆ. ಅವರು ಎಕ್ಸಾಸ್ಟ್ ಬ್ರೇಕ್ ಸ್ವಿಚ್ಚಿನ ಕಡೆ ಬೆರಳು ತೋರಿಸಿ, "ಇದು ಕೆಲ್ಸ ಮಾಡ್ದೆ ಇದ್ರೆ ಗಾಡಿ ಗೇಟ್ ದಾಟಿಸ್ಬೇಡ, ಕೆಲ್ಸ ಹೋದ್ರೂ ಹೋಗ್ಲಿ" ಅಂದರು. ಇಳಿಜಾರಿಗಿಂತ ಕಷ್ಟವಾದದ್ದು ಹಗ್ಗ ಕಟ್ಟುವುದು. ಅದಕ್ಕೆ ನನಗೆ ಒಂದೂವರೆ ತಿಂಗಳು ಬೇಕಾಯಿತು, ಮಾವ ಮೂರು ಸಲ ಬಿಚ್ಚಿಸಿ ಕಟ್ಟಿಸಿದ್ದರು.

ಈ ಕಂಪನಿಯೂ ಸ್ವರ್ಗವೇನಲ್ಲ. ಯಾರ್ಡಿನಲ್ಲಿ ಸ್ನಾನಕ್ಕೆ ಜಾಗವಿಲ್ಲ, ಟ್ಯಾಂಕರ್ ನೀರಲ್ಲಿ ಗಾಡಿ ಪಕ್ಕ ನಿಂತೇ ಮಾಡಬೇಕು. ಪುಣೆಯ ಹತ್ತಿರ ಚಾಕಣದಲ್ಲಿ ಗೋಡೌನ್ ಮುಂದೆ ಒಮ್ಮೆ ಎರಡು ಹಗಲು ಎರಡು ರಾತ್ರಿ ಅನ್‌ಲೋಡ್ ಆಗದೆ ನಿಂತಿದ್ದೆ. ಲೆಕ್ಕ ಮಾಡುವಾಗ ನೋಡಿದರೆ ಕಾದು ನಿಂತ ದಿನಕ್ಕೆ ಕೊಡುವ ಹಾಲ್ಟಿಂಗ್ ಒಂದೇ ದಿನದ್ದು ಬರೆದಿದ್ದಾರೆ, 400 ರೂಪಾಯಿ. ಕೇಳಿದರೆ, ಮೊದಲನೇ ದಿನಕ್ಕೆ ಹಾಲ್ಟಿಂಗ್ ಇಲ್ಲ, ಎರಡನೇ ದಿನದಿಂದ ಶುರು, ಎಲ್ಲಾ ಕಡೆ ಹಾಗೇ ಅಂದರು. ಎಲ್ಲಾ ಕಡೆ ಹಾಗೇನೂ ಇಲ್ಲ, ಆಮೇಲೆ ಬೇರೆ ಕಂಪನಿಯವರನ್ನು ವಿಚಾರಿಸಿದೆ. ಅಷ್ಟೆಲ್ಲಾ ಪ್ರಶ್ನೆ ಕೇಳಿ ಸೇರಿದವನು ಇದೊಂದನ್ನು ಕೇಳುವುದು ಮರೆತಿದ್ದೆ. ನೀವು ಕೇಳಿ.