ಅವಲೋಕನ: ಕಂಡದ್ದನ್ನು ದತ್ತಾಂಶವಾಗಿಸುವ ಬಗೆ

ಸಂಶೋಧನೆಗಾಗಿ ಜನರ ವರ್ತನೆಯನ್ನು ನೋಡಲು ಹೊರಡುವ ಮೊದಲು ಏನನ್ನು ನೋಡಬೇಕೆಂದು ತೀರ್ಮಾನಿಸಿ. ‘ಸಹಕಾರ’ ಕಣ್ಣಿಗೆ ಕಾಣುವುದಿಲ್ಲ. ‘ಕೇಳದೆಯೇ ಪಕ್ಕದವರಿಗೆ ಸಾಮಗ್ರಿ ಕೊಟ್ಟರು’ ಎಂಬುದು ಕಾಣುತ್ತದೆ. ಇಂಥ ವರ್ತನೆಗಳ ಪಟ್ಟಿ ಆರೇಳನ್ನು ಮೀರಿದರೆ ಒಬ್ಬರ ಕೈ ಸೋಲುತ್ತದೆ.

15 ಸೆಕೆಂಡು ನೋಡಿ, 15 ಸೆಕೆಂಡು ಗುರುತು ಹಾಕಿ. ಹೀಗೆ 20 ನಿಮಿಷದ ಒಂದು ಕಂತಿನಲ್ಲಿ 40 ದಾಖಲೆ. ಕಂತುಗಳ ಹೊತ್ತನ್ನು ಚೀಟಿ ಎತ್ತಿ ಆರಿಸಿ. ನಿಮ್ಮ ಅನುಕೂಲದ ಹೊತ್ತಿನಲ್ಲೇ ಹೋದರೆ ಸಿಗುವುದು ಆ ಹೊತ್ತಿನ ಚಿತ್ರ ಮಾತ್ರ.

ಜನರ ನಡುವೆ ಸೇರಿ ನೋಡುವ ಸಹಭಾಗಿ ಅವಲೋಕನಕ್ಕೆ ಟಿಪ್ಪಣಿಯೇ ಆಧಾರ. ಸ್ಥಳದಲ್ಲಿ ನಾಲ್ಕೈದು ಸೂಚಕ ಪದ ಬರೆದುಕೊಂಡು, ಅಂದೇ, ಯಾರೊಂದಿಗೂ ಅದರ ಬಗ್ಗೆ ಹರಟುವ ಮೊದಲೇ ವಿಸ್ತರಿಸಿ. ಪುಟದ ಎಡಗಡೆ ಕಂಡದ್ದು, ಬಲಗಡೆ ಅನಿಸಿದ್ದು. ‘ಕುರ್ಚಿ ತಳ್ಳಿ ಎದ್ದರು’ ಎಡಕ್ಕೆ, ‘ಸಿಟ್ಟಾದರು’ ಬಲಕ್ಕೆ. ಅನುಭವಿಗಳೂ ಎಡವುವುದು ಇಲ್ಲೇ.

ಯಾರೋ ನೋಡುತ್ತಿದ್ದಾರೆಂದರೆ ಜನರ ನಡವಳಿಕೆ ಬದಲಾಗುತ್ತದೆ. 1924ರಲ್ಲಿ ಅಮೆರಿಕದ ಹಾಥಾರ್ನ್ ಕಾರ್ಖಾನೆಯಲ್ಲಿ ಶುರುವಾದ ಪ್ರಯೋಗಗಳಿಂದ ಇದಕ್ಕೆ ‘ಹಾಥಾರ್ನ್ ಪರಿಣಾಮ’ ಎಂಬ ಹೆಸರು (ಆ ಪ್ರಯೋಗಗಳ ಅರ್ಥದ ಬಗ್ಗೆ ತಕರಾರುಗಳೂ ಇವೆ). ಜನ ನಿಮಗೆ ಒಗ್ಗಿಕೊಳ್ಳಲಿ, ಮೊದಲ ಎರಡು ಮೂರು ಭೇಟಿಗಳನ್ನು ಎಣಿಕೆಗೆ ಸೇರಿಸಬೇಡಿ. ಕದ್ದು ನೋಡುವುದು ಪರಿಹಾರವಲ್ಲ, ಒಪ್ಪಿಗೆ ಪಡೆಯಿರಿ.

ಐದರಲ್ಲಿ ಒಂದು ಕಂತನ್ನಾದರೂ ಇಬ್ಬರು ಪ್ರತ್ಯೇಕವಾಗಿ ದಾಖಲಿಸಲಿ. ಶೇಕಡಾ ಹೊಂದಾಣಿಕೆಯನ್ನಷ್ಟೇ (ನೂರರಲ್ಲಿ ಎಷ್ಟು ದಾಖಲೆ ಇಬ್ಬರದೂ ಒಂದೇ ಎಂಬುದನ್ನಷ್ಟೇ) ನಂಬಬೇಡಿ: ಅಪರೂಪದ ವರ್ತನೆಗೆ ಇಬ್ಬರೂ ಸುಮ್ಮನೆ ‘ಇಲ್ಲ’ ಎಂದು ಹಾಕುತ್ತ ಹೋದರೂ ಅದು 90 ದಾಟಬಹುದು. ಆಕಸ್ಮಿಕ ಹೊಂದಾಣಿಕೆಯನ್ನು ಕಳೆದು ಲೆಕ್ಕ ಕೊಡುವ ಕೊಹೆನ್ ಕಪ್ಪಾ ಎಂಬ ಅಳತೆ ಬಳಸಿ (ಪೂರ್ಣ ಹೊಂದಾಣಿಕೆ ಇದ್ದರೆ ಅದು 1). ಅದು 0.6ಕ್ಕಿಂತ ಕೆಳಗಿದ್ದರೆ ವೀಕ್ಷಕರನ್ನು ದೂರುವ ಮೊದಲು ವರ್ತನೆಯ ವ್ಯಾಖ್ಯೆಯನ್ನು ತಿದ್ದಿ.